ಮಂಡಿಯ ಕಾರ್ಟಿಲೇಜ್ ಕಿತ್ತಿದೆ: ತೂತು ಹಾಕಿಸೋದಾ, ಕಸಿ ಮಾಡಿಸೋದಾ?

ತೋಟದಮನೆ, ಮೂಡಿಗೆರೆ · ಜುಲೈ 28

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನನಗೆ 36 ವರ್ಷ. ಏಳು ಎಕರೆ ಅರೇಬಿಕಾ, ನಡುವೆ ಮೆಣಸು. ಈ ತಿಂಗಳ ಮೊದಲ ಭಾನುವಾರ ನಮ್ಮೂರಲ್ಲಿ ಕೆಸರುಗದ್ದೆ ವಾಲಿಬಾಲ್ ಇತ್ತು. ಚೆಂಡಿಗೆ ಹಾರಿ ಇಳಿದಾಗ ಬಲಗಾಲು ಕೆಸರಲ್ಲಿ ಹೂತುಕೊಂಡಿತು. ಮೈ ತಿರುಗಿತು, ಕಾಲು ತಿರುಗಲಿಲ್ಲ. ಆಗ ಅಷ್ಟೇನೂ ನೋವಿರಲಿಲ್ಲ. ಆಟ ಮುಗಿಸಿಯೇ ಮನೆಗೆ ಬಂದೆ. ಮಾರನೆ ದಿನ ಬೆಳಿಗ್ಗೆ ಮಂಡಿ ಊದಿಕೊಂಡು ತೆಂಗಿನಕಾಯಿ ಥರ ಆಗಿತ್ತು. ಎರಡು ವಾರ ಎಣ್ಣೆ ಹಚ್ಚಿ, ಬ್ಯಾಂಡೇಜ್ ಸುತ್ತಿಕೊಂಡು ಓಡಾಡಿದೆ. ಊತ ಇಳಿಯಿತು. ಆದರೆ ತೋಟದ ಇಳಿಜಾರಲ್ಲಿ ಇಳಿಯುವಾಗ ಒಳಗೆ ಏನೋ ಸಿಕ್ಕಿಕೊಂಡ ಹಾಗೆ, ಚುಚ್ಚಿದ ಹಾಗೆ ಆಗುತ್ತದೆ.

ಎಂಆರ್‌ಐ ಮಾಡಿಸಿದೆ. ಲಿಗಮೆಂಟ್, ಅಂದರೆ ಎಲುಬಿಗೆ ಎಲುಬು ಕಟ್ಟುವ ನಾರು, ಸರಿ ಇದೆಯಂತೆ. ತೊಡೆ ಎಲುಬಿನ ತುದಿಯಲ್ಲಿ, ಮಂಡಿಯ ಒಳಬದಿಗೆ, ಕಾರ್ಟಿಲೇಜ್ ಪೂರ್ತಿ ದಪ್ಪಕ್ಕೆ ಕಿತ್ತುಹೋಗಿದೆ. ಅಳತೆ 1.5 ಸೆಂ.ಮೀ. ಉದ್ದ, 1.2 ಸೆಂ.ಮೀ. ಅಗಲ. ಗ್ರೇಡ್ 4 ಅಂತ ಬರೆದಿದ್ದಾರೆ.

ಹಾಸನದಲ್ಲಿ ಒಬ್ಬ ಡಾಕ್ಟರ್ ಮೈಕ್ರೋಫ್ರ್ಯಾಕ್ಚರ್ ಮಾಡೋಣ, ಎಲುಬಿಗೆ ಸಣ್ಣ ತೂತು ಹಾಕಿದರೆ ಅದೇ ತುಂಬಿಕೊಳ್ಳುತ್ತದೆ ಅಂದರು. ಮಂಗಳೂರಿನಲ್ಲಿ ಇನ್ನೊಬ್ಬರು, ಬೇಡ, ಮೊಸಾಯಿಕ್‌ಪ್ಲಾಸ್ಟಿ ಮಾಡೋಣ, ನಿಮ್ಮ ಮಂಡಿಯ ಬೇರೆ ಜಾಗದಿಂದಲೇ ತುಂಡು ತೆಗೆದು ಇಲ್ಲಿ ಕೂರಿಸೋಣ ಅಂದರು. ಇಬ್ಬರೂ ಒಳ್ಳೆಯವರೇ, ಸಮಾಧಾನವಾಗಿ ಮಾತಾಡಿದರು. ಆದರೆ ಇಬ್ಬರ ಮಾತು ಬೇರೆ ಬೇರೆ. ನಾನು ಯಾರನ್ನು ನಂಬಲಿ? ನವೆಂಬರ್‌ಗೆ ಕೊಯ್ಲು ಶುರು. ಮಾಡಿಸಿಕೊಂಡವರು ಯಾರಾದರೂ ಇದ್ದರೆ ಹೇಳಿ.

ಬೇಲೂರು ಪಿಟಿ ಮೇಷ್ಟ್ರು · ಜುಲೈ 28

ನಾನು ಮಾಡಿಸಿಕೊಂಡವನು. ಅದಕ್ಕೇ ಬರೆಯುತ್ತಿದ್ದೇನೆ.

2016ರಲ್ಲಿ, ನನಗೆ 38 ಇದ್ದಾಗ, ಎಡ ಮಂಡಿಗೆ ಮೈಕ್ರೋಫ್ರ್ಯಾಕ್ಚರ್ ಆಯಿತು. ಮಕ್ಕಳಿಗೆ ಕಬಡ್ಡಿ ಹೇಳಿಕೊಡುವಾಗ ಆದ ಏಟು. ಎರಡು ಸಣ್ಣ ತೂತಿನಲ್ಲಿ ಕ್ಯಾಮೆರಾ ಹಾಕಿ ಮಾಡಿದರು. ಮಾರನೆ ದಿನವೇ ಮನೆಗೆ ಕಳಿಸಿದರು. ಗಾಯ ನೋಡಿದರೆ ಆಪರೇಷನ್ ಆಗಿದೆ ಅಂತ ಯಾರೂ ನಂಬುತ್ತಿರಲಿಲ್ಲ.

ತಪ್ಪಾಗಿದ್ದೇ ಅಲ್ಲಿ. ಗಾಯ ಇಷ್ಟೇ ಇದೆಯಲ್ಲ ಅಂತ ನಾಲ್ಕನೇ ವಾರಕ್ಕೆ ಕಾಲು ಊರಿ ಶಾಲೆಗೆ ಹೋದೆ. ಎಂಟು ವಾರ ಊರಬೇಡಿ ಅಂತ ಚೀಟಿಯಲ್ಲಿ ಬರೆದಿತ್ತು. ಯಾಕೆ ಅಂತ ಯಾರೂ ಕೂರಿಸಿ ಹೇಳಲಿಲ್ಲ, ನಾನೂ ಕೇಳಲಿಲ್ಲ. ನಾಲ್ಕು ವರ್ಷ ಚೆನ್ನಾಗಿಯೇ ಇತ್ತು. ಆಮೇಲೆ ನಿಧಾನಕ್ಕೆ ನೋವು ವಾಪಸ್ ಬಂತು. ಈಗ ಮೈದಾನದಲ್ಲಿ ಓಡುವುದಿಲ್ಲ, ನಿಂತು ಸೀಟಿ ಊದುತ್ತೇನೆ. ಬೇಗ ಕಾಲು ಊರಿದ್ದಕ್ಕೇ ಹೀಗಾಯಿತಾ, ಹೇಗಿದ್ದರೂ ಆಗುತ್ತಿತ್ತಾ ಅಂತ ನನಗೆ ಹೇಳಲು ಬರುವುದಿಲ್ಲ. ಆದರೆ ಆ ನಾಲ್ಕು ವಾರ ನನ್ನ ಮನಸ್ಸಿನಿಂದ ಹೋಗಿಲ್ಲ.

ಎಲುಬು ಡಾಕ್ಟರ್, ಚಿಕ್ಕಮಗಳೂರು · ಜುಲೈ 29

ಮೂಡಿಗೆರೆಯವರೇ, ನಿಮ್ಮ ಕಾಲು ಮುಟ್ಟಿ ನೋಡದೆ ಇದು ಮಾಡಿಸಿ, ಅದು ಬೇಡ ಅಂತ ನಾನು ಹೇಳಬಾರದು. ಆದರೆ ಆ ಇಬ್ಬರೂ ಡಾಕ್ಟರು ಯಾಕೆ ಬೇರೆ ಬೇರೆ ಹೇಳಿದರು ಅನ್ನುವುದನ್ನು ಹೇಳಬಲ್ಲೆ. ಇಬ್ಬರೂ ತಪ್ಪು ಹೇಳಿಲ್ಲ.

ಮೊದಲು ಕಾರ್ಟಿಲೇಜ್ ಅಂದರೆ ಏನು. ಕೋಳಿ ಕಾಲಿನ ಎಲುಬಿನ ತುದಿಯಲ್ಲಿ ಬೆಳ್ಳಗೆ, ನುಣ್ಣಗೆ ಹೊಳೆಯುವ ಪದರ ಇರುತ್ತದಲ್ವಾ, ಅದೇ. ಮಂಡಿಯಲ್ಲಿ ಅದರ ದಪ್ಪ ಹೆಚ್ಚಿನ ಕಡೆ 2ರಿಂದ 4 ಮಿ.ಮೀ. ಮಂಡಿ ಚಿಪ್ಪಿನ ಹಿಂದೆ ಇನ್ನೂ ದಪ್ಪ. ಅದರಲ್ಲಿ ಮುಕ್ಕಾಲು ಪಾಲು ನೀರೇ. ರಕ್ತನಾಳ ಇಲ್ಲ, ನರ ಇಲ್ಲ. ನರ ಇಲ್ಲದ್ದರಿಂದ ಕಿತ್ತಾಗ ನಿಮಗೆ ಜಾಸ್ತಿ ನೋವಾಗಲಿಲ್ಲ, ಆಟ ಮುಗಿಸಿ ಬಂದಿರಿ. ರಕ್ತ ಇಲ್ಲದ್ದರಿಂದ ಅದು ತಾನಾಗಿ ಮಾಯುವುದಿಲ್ಲ. ಕೈ ಕೊಯ್ದರೆ ರಕ್ತ ಬಂದು, ಹೆಪ್ಪುಗಟ್ಟಿ, ಅದರಿಂದಲೇ ಹೊಸ ಚರ್ಮ ಬರುತ್ತದೆ. ಇಲ್ಲಿ ಆ ಮೊದಲ ಹೆಜ್ಜೆಯೇ ಇಲ್ಲ. ಲಂಡನ್ನಿನ ವಿಲಿಯಂ ಹಂಟರ್ ಅನ್ನುವ ವೈದ್ಯರು 1743ರಲ್ಲೇ ಕಾರ್ಟಿಲೇಜ್ ಒಮ್ಮೆ ಹಾಳಾದರೆ ಮತ್ತೆ ಸರಿಹೋಗದು ಅಂತ ಬರೆದಿದ್ದರು. ಈಗಲೂ ನಾವು ಅವರ ಮಾತಿನ ಜೊತೆಗೇ ಗುದ್ದಾಡುತ್ತಿದ್ದೇವೆ.

ಮೈಕ್ರೋಫ್ರ್ಯಾಕ್ಚರ್ ಏನು ಮಾಡುತ್ತದೆ ಅಂದರೆ, ಇಲ್ಲದ ಆ ರಕ್ತವನ್ನು ತರಿಸುತ್ತದೆ. ಅಮೆರಿಕದ ವೇಲ್ ಅನ್ನುವ ಬೆಟ್ಟದ ಊರಿನಲ್ಲಿ ರಿಚರ್ಡ್ ಸ್ಟೆಡ್‌ಮನ್ ಇದನ್ನು 1980ರ ದಶಕದಲ್ಲಿ ಶುರು ಮಾಡಿದರು. ಕಿತ್ತ ಜಾಗದ ಅಂಚನ್ನು ನೇರ ಮಾಡಿ, ತಳದ ಎಲುಬಿಗೆ 3-4 ಮಿ.ಮೀ. ಅಂತರದಲ್ಲಿ ಚೂಪಾದ ಕಡ್ಡಿಯಿಂದ ತೂತು ಹಾಕುತ್ತಾರೆ. ಮಜ್ಜೆಯಿಂದ ರಕ್ತ ಜಿನುಗಿ ಅಲ್ಲಿ ಹೆಪ್ಪುಗಟ್ಟುತ್ತದೆ. ಆ ಹೆಪ್ಪೇ ನಿಧಾನಕ್ಕೆ ಗಟ್ಟಿ ಪದರ ಆಗುತ್ತದೆ. ಆದರೆ ಅದು ಮೊದಲಿನ ನುಣುಪಾದ ಕಾರ್ಟಿಲೇಜ್ ಅಲ್ಲ. ನಾರು ನಾರಾದ ಬೇರೆ ಜಾತಿಯದು, ಗಾಯದ ಕಲೆಗೆ ಹತ್ತಿರದ್ದು. ತಾಳಿಕೆ ಕಡಿಮೆ. ಮೇಷ್ಟ್ರಿಗೆ ನಾಲ್ಕು ವರ್ಷ ಚೆನ್ನಾಗಿದ್ದು ಆಮೇಲೆ ನೋವು ಬಂದಿದ್ದು ನಾವು ಬಹಳ ಜನರಲ್ಲಿ ನೋಡುವ ದಾರಿಯೇ. ಅವರು ಅದನ್ನು ಪೂರ್ತಿ ತಮ್ಮ ತಲೆ ಮೇಲೆ ಹಾಕಿಕೊಳ್ಳುವುದು ಬೇಡ.

ಮೊಸಾಯಿಕ್‌ಪ್ಲಾಸ್ಟಿ ಹಂಗೇರಿಯ ಲಾಸ್ಲೋ ಹ್ಯಾಂಗೋಡಿ ಅವರ ದಾರಿ, 1990ರ ದಶಕದ್ದು. ಮಂಡಿಯಲ್ಲಿ ಭಾರ ಕಡಿಮೆ ಬೀಳುವ ಅಂಚಿನಿಂದ ಎಲುಬು ಸಮೇತ ಸಣ್ಣ ಸಣ್ಣ ಕಂಬದಂತೆ ತುಂಡು ತೆಗೆದು ಕಿತ್ತ ಜಾಗದಲ್ಲಿ ನಾಟುತ್ತಾರೆ. ಹೀಗೆ ಕೂರಿಸಿದ್ದು ಅಸಲಿ ಕಾರ್ಟಿಲೇಜ್. ಆದರೆ ತೆಗೆದ ಜಾಗದಲ್ಲೂ ಒಂದು ಗಾಯ ಆಯಿತಲ್ಲ. ಕೆಲವರಿಗೆ ಅಲ್ಲಿಯೇ ನೋವು ಉಳಿಯುತ್ತದೆ. ತೆಗೆಯಲು ಜಾಗವೂ ಮಿತಿಯದ್ದು, ಅದಕ್ಕೇ ತುಂಬಾ ದೊಡ್ಡ ಗಾಯಕ್ಕೆ ಆಗುವುದಿಲ್ಲ.

ನಿಮ್ಮದು 1.8 ಚದರ ಸೆಂ.ಮೀ. ಎರಡಕ್ಕಿಂತ ಕಡಿಮೆ ಇದ್ದರೆ ಮೈಕ್ರೋಫ್ರ್ಯಾಕ್ಚರ್ ಅನ್ನುವುದು ಹಳೆಯ ಲೆಕ್ಕ. ಒಂದರಿಂದ ನಾಲ್ಕರವರೆಗೆ ಮೊಸಾಯಿಕ್ ಅನ್ನುವುದು ಇನ್ನೊಂದು ಲೆಕ್ಕ. ನೀವು ಎರಡೂ ಲೆಕ್ಕ ಸೇರುವ ಗಡಿಯಲ್ಲಿ ನಿಂತಿದ್ದೀರಿ. ಅದಕ್ಕೇ ಎರಡು ಮಾತು.

ಒಂದು ಪ್ರಶ್ನೆ. ಸೊಂಟದಿಂದ ಹಿಮ್ಮಡಿವರೆಗೆ ಇಡೀ ಕಾಲಿನ ಎಕ್ಸ್‌ರೇ, ನಿಂತುಕೊಂಡು ತೆಗೆಸುವುದು, ಅದು ಆಗಿದೆಯಾ?

ತೋಟದಮನೆ, ಮೂಡಿಗೆರೆ · ಜುಲೈ 29

ಇಲ್ಲ ಸಾರ್. ಮಂಡಿಯದ್ದು ಮಾತ್ರ, ಮಲಗಿಸಿ ತೆಗೆದರು. ಅದು ಯಾಕೆ?

ಎಲುಬು ಡಾಕ್ಟರ್, ಚಿಕ್ಕಮಗಳೂರು · ಜುಲೈ 29

ಕಾಲು ಬಿಲ್ಲಿನಂತೆ ಹೊರಕ್ಕೆ ಬಾಗಿದ್ದರೆ ಮೈಭಾರವೆಲ್ಲ ಮಂಡಿಯ ಒಳಬದಿಗೆ ಬೀಳುತ್ತದೆ. ನಿಮ್ಮ ಗಾಯ ಇರುವುದೂ ಅಲ್ಲೇ. ಆ ಭಾರವನ್ನು ಹಾಗೇ ಬಿಟ್ಟು ಮೇಲೆ ಏನು ನಾಟಿದರೂ ಸವೆಯುತ್ತದೆ. ಗದ್ದೆಗೆ ಒಂದೇ ಕಡೆಯಿಂದ ನೀರು ನುಗ್ಗುತ್ತಿದ್ದರೆ ಮೊದಲು ಬದು ಸರಿ ಮಾಡುತ್ತೇವೆ, ಆಮೇಲೆ ನಾಟಿ. ಬಾಗು ಜಾಸ್ತಿ ಇದ್ದರೆ ಕಣಕಾಲಿನ ಎಲುಬನ್ನು ಮೇಲ್ಭಾಗದಲ್ಲಿ ಕೊಯ್ದು ನೇರ ಮಾಡುವ ಆಪರೇಷನ್ನೂ ಜೊತೆಗೆ ಬೇಕಾಗುತ್ತದೆ. ಮಲಗಿ ತೆಗೆದ ಎಕ್ಸ್‌ರೇಯಲ್ಲಿ ಇದು ಕಾಣುವುದಿಲ್ಲ.

ಅರಸೀಕೆರೆ ಅಜ್ಜಿ · ಜುಲೈ 30

ಮಗ ಟೈಪ್ ಮಾಡಿ ಕೊಡುತ್ತಿದ್ದಾನೆ. ನನಗೆ 63. ಎರಡೂ ಮಂಡಿ ಸವೆದಿವೆ. ಮೂರು ವರ್ಷದ ಹಿಂದೆ ಒಂದು ಆಸ್ಪತ್ರೆಯಲ್ಲಿ ದುರ್ಬೀನು ಹಾಕಿ ಒಳಗೆ ತೊಳೆದು ಕ್ಲೀನ್ ಮಾಡುತ್ತೇವೆ, ಐದು ವರ್ಷ ತೊಂದರೆ ಇಲ್ಲ ಅಂದರು. ಚಿನ್ನ ಅಡ ಇಟ್ಟು ಮಾಡಿಸಿದೆವು. ಎರಡು ತಿಂಗಳು ಹಗುರ ಅನ್ನಿಸಿತು. ಆಮೇಲೆ ಅದೇ ನೋವು. ನನ್ನ ಥರದವರು ಯಾರಾದರೂ ಇದನ್ನು ಓದಿ ಇದೇ ಆಪರೇಷನ್ ಅಂದುಕೊಂಡು ಹೋಗಬಾರದು ಅಂತ ಬರೆಸುತ್ತಿದ್ದೇನೆ.

ಎಲುಬು ಡಾಕ್ಟರ್, ಚಿಕ್ಕಮಗಳೂರು · ಜುಲೈ 30

ಅಮ್ಮಾ, ನೀವು ಬರೆಸಿದ್ದು ಬಹಳ ದೊಡ್ಡ ಉಪಕಾರ.

ವಯಸ್ಸಿಗೆ ಸವೆದ ಮಂಡಿ ಬೇರೆ, ಏಟಿಗೆ ಒಂದು ಕಡೆ ಕಿತ್ತ ಮಂಡಿ ಬೇರೆ. ಗೋಡೆಯ ಗಾರೆ ಒಂದು ಕಡೆ ಕಿತ್ತರೆ ತೇಪೆ ಹಾಕಬಹುದು. ಇಡೀ ಗೋಡೆ ಉದುರುತ್ತಿದ್ದರೆ ತೇಪೆ ಎಲ್ಲಿ ನಿಲ್ಲುತ್ತದೆ? ಸವೆದ ಮಂಡಿಯನ್ನು ತೊಳೆಯುವ ಆಪರೇಷನ್ ಬಗ್ಗೆ ಅಮೆರಿಕದ ಹ್ಯೂಸ್ಟನ್‌ನಲ್ಲಿ 180 ಜನರ ಮೇಲೆ ಪರೀಕ್ಷೆ ನಡೆಯಿತು. 2002ರಲ್ಲಿ ಪ್ರಕಟವಾಯಿತು. ಕೆಲವರಿಗೆ ನಿಜವಾಗಿ ತೊಳೆದರು, ಕೆಲವರಿಗೆ ಚರ್ಮ ಮಾತ್ರ ಕೊಯ್ದು ಹೊಲಿದರು. ಯಾರಿಗೆ ಏನಾಗಿದೆ ಅಂತ ರೋಗಿಗಳಿಗೆ ಗೊತ್ತಿರಲಿಲ್ಲ. ಎರಡು ವರ್ಷ ನೋಡಿದರೂ ನೋವಿನಲ್ಲಿ ವ್ಯತ್ಯಾಸ ಇರಲಿಲ್ಲ. ಇದು ಗೊತ್ತಾಗಿ ಇಷ್ಟು ವರ್ಷವಾದರೂ ನಿಮಗೆ ಅದನ್ನೇ ಮಾಡಿದ್ದಾರೆ ಅಂದರೆ ನನಗೆ ಬೇಸರವಾಗುತ್ತದೆ.

ಈಗ ನಿಮಗೆ ತೊಡೆಯ ಮುಂದಿನ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ, ತೂಕ ಇಳಿಸುವುದು, ಅದಕ್ಕೂ ಬಗ್ಗದಿದ್ದರೆ ಮಂಡಿ ಬದಲಿಸುವುದು, ಇದೇ ದಾರಿ. ಒಂದು ಕಿಲೋ ತೂಕ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿ ಮೇಲೆ ಬೀಳುವ ಭಾರ ಸುಮಾರು ನಾಲ್ಕು ಕಿಲೋ ಕಡಿಮೆ. ಬದಲಿಸುವ ಕೀಲಿನ ಬೆಲೆಗೆ 2017ರಿಂದ ಸರ್ಕಾರದ ಮಿತಿಯೂ ಇದೆ. ಬಿಲ್ಲಿನಲ್ಲಿ ಕೀಲಿನ ಬೆಲೆ ಬೇರೆಯಾಗಿ ಬರೆಸಿಕೊಳ್ಳಿ.

ಆಲೂರು · ಜುಲೈ 30

ಬೆಂಗಳೂರಿನಲ್ಲಿ ಸ್ಟೆಮ್ ಸೆಲ್ ಇಂಜೆಕ್ಷನ್ ಕೊಡುತ್ತಾರಂತೆ, ಕೊಯ್ಯುವುದೇ ಬೇಡ, ಕಾರ್ಟಿಲೇಜ್ ಮತ್ತೆ ಬೆಳೆಯುತ್ತದಂತೆ. ವಿಡಿಯೋ ನೋಡಿದೆ. ಅದಾಗಲ್ವಾ?

ಎಲುಬು ಡಾಕ್ಟರ್, ಚಿಕ್ಕಮಗಳೂರು · ಜುಲೈ 31

ಸೂಜಿ ಚುಚ್ಚಿದ್ದಕ್ಕೆ ಕಿತ್ತ ಕಾರ್ಟಿಲೇಜ್ ಮತ್ತೆ ಬೆಳೆದು ನಿಂತಿತು ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ. ದಯವಿಟ್ಟು ಅದಕ್ಕೆ ಲಕ್ಷ ಸುರಿಯಬೇಡಿ. ನಮ್ಮ ದೇಶದ 2017ರ ಸ್ಟೆಮ್ ಸೆಲ್ ಮಾರ್ಗಸೂಚಿಯಲ್ಲೂ, ಒಪ್ಪಿಗೆ ಪಡೆದ ಕಾಯಿಲೆಗಳನ್ನು ಬಿಟ್ಟು ಉಳಿದದ್ದಕ್ಕೆ ಇದನ್ನು ಸಂಶೋಧನೆಯ ಒಳಗೆ ಮಾತ್ರ ಕೊಡಬೇಕು ಅಂತಿದೆ.

ನಮ್ಮದೇ ಕೋಶ ಬೆಳೆಸಿ ಹಾಕುವ ನಿಜವಾದ ಆಪರೇಷನ್ ಒಂದಿದೆ, ಅದು ಬೇರೆ. ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ 1987ರಲ್ಲಿ ಮೊದಲು ಮಾಡಿದರು. 23 ರೋಗಿಗಳ ಫಲಿತಾಂಶ 1994ರಲ್ಲಿ ಬಂತು. ಮೊದಲು ಕ್ಯಾಮೆರಾ ಹಾಕಿ ಚೂರು ಕಾರ್ಟಿಲೇಜ್ ತೆಗೆಯುತ್ತಾರೆ. ಲ್ಯಾಬಿನಲ್ಲಿ ಕೆಲವು ವಾರ ಅದರ ಕೋಶ ಬೆಳೆಸುತ್ತಾರೆ. ಆಮೇಲೆ ಎರಡನೇ ಆಪರೇಷನ್ ಮಾಡಿ ಗಾಯದ ಜಾಗಕ್ಕೆ ತುಂಬುತ್ತಾರೆ. ದೊಡ್ಡ ಗಾಯಕ್ಕೆ, ಚಿಕ್ಕ ವಯಸ್ಸಿನವರಿಗೆ ಒಳ್ಳೆಯದು. ಆದರೆ ಎರಡು ಸಲ ಆಪರೇಷನ್, ಖರ್ಚು ಬಹಳ, ಆಟಕ್ಕೆ ವಾಪಸಾಗಲು ಒಂದು ವರ್ಷ ಅಥವಾ ಇನ್ನೂ ಜಾಸ್ತಿ. ಎರಡು ಚದರ ಸೆಂ.ಮೀ. ಗಾಯಕ್ಕೆ ಅಷ್ಟು ದೂರ ಹೋಗಬೇಕಾಗಿ ಬರುವುದು ಕಡಿಮೆ.

ಕೊಪ್ಪದ ತಾಯಿ · ಆಗಸ್ಟ್ 2

ನನ್ನ ಮಗಳಿಗೆ 15. ಕಳೆದ ವರ್ಷ ಶಾಲೆಯಲ್ಲಿ ಥ್ರೋಬಾಲ್ ಆಡುವಾಗ ಮಂಡಿ ಚಿಪ್ಪು ಜಾರಿತು, ಅದೇ ವಾಪಸ್ ಕೂತಿತು. ಗಂಟೆಯೊಳಗೆ ಮಂಡಿ ಉಬ್ಬಿತು. ಎಕ್ಸ್‌ರೇಯಲ್ಲಿ ಏನೂ ಇಲ್ಲ, ಚಿಪ್ಪು ಕೂತಿದೆ, ಪಟ್ಟಿ ಕಟ್ಟಿಕೊಳ್ಳಿ ಅಂದರು. ಕಟ್ಟಿದೆವು. ಐದು ತಿಂಗಳಾದ ಮೇಲೆ ಮಂಡಿಯೊಳಗೆ ಗೋಲಿ ಓಡಾಡಿದ ಹಾಗೆ ಅನ್ನಿಸುತ್ತದೆ ಅಂದಳು. ಎಂಆರ್‌ಐಯಲ್ಲಿ ನೋಡಿದರೆ ಚಿಪ್ಪಿನ ಹಿಂದಿನ ಕಾರ್ಟಿಲೇಜ್ ಎಲುಬಿನ ಚೂರಿನ ಸಮೇತ ಕಳಚಿ ಒಳಗೆ ತೇಲುತ್ತಿತ್ತು. ಆಗಲೇ ಬಂದಿದ್ದರೆ ಆ ಚೂರನ್ನೇ ವಾಪಸ್ ಕೂರಿಸಬಹುದಿತ್ತು ಅಂದರು ಮಣಿಪಾಲದಲ್ಲಿ. ಅಷ್ಟು ಹೊತ್ತಿಗೆ ಅದು ಉಂಡೆಯಾಗಿ ಆಕಾರವೇ ಕೆಟ್ಟಿತ್ತು. ತೆಗೆದು ಹಾಕಿದರು.

ಮಕ್ಕಳ ಚಿಪ್ಪು ಜಾರಿ ಮಂಡಿ ಬೇಗ ಊದಿದರೆ ಎಕ್ಸ್‌ರೇಗೆ ನಿಲ್ಲಿಸಬೇಡಿ. ಎಂಆರ್‌ಐ ಕೇಳಿ. ಕೇಳಿದರೆ ಡಾಕ್ಟರು ಏನಂದುಕೊಳ್ಳುತ್ತಾರೋ ಅಂತ ನಾನು ಸುಮ್ನೆ ಇದ್ದೆ.

ಫಿಸಿಯೋ, ಹಾಸನ · ಆಗಸ್ಟ್ 2

ಈ ತಾಯಿ ಹೇಳಿದ್ದು ಚಿನ್ನದ ಮಾತು. ಗಂಟೆಯೊಳಗೆ ಊದಿದರೆ ಒಳಗೆ ರಕ್ತ ಬಂದಿದೆ ಅಂತ ಅರ್ಥ. ಲಿಗಮೆಂಟ್ ಹರಿದಿರಬಹುದು, ಎಲುಬು ಚೂರಾಗಿರಬಹುದು. ಮಾರನೆ ದಿನ ಊದಿದರೆ ಸಾಮಾನ್ಯವಾಗಿ ಅದು ನೀರು, ಮೂಡಿಗೆರೆಯವರಿಗೆ ಆದ ಹಾಗೆ.

ರಿಪೋರ್ಟ್ ಓದಿ ಹೆದರುವವರಿಗೆ ಒಂದು ವಿಷಯ. ವಾರಕ್ಕೆ ಒಬ್ಬರಾದರೂ ಮೆನಿಸ್ಕಸ್ ಗ್ರೇಡ್ 2 ಅಂತ ಬಂದಿದೆ, ಹರಿದಿದೆ, ಆಪರೇಷನ್ ಬೇಕಾ ಅಂತ ಅಳುತ್ತಾ ಬರುತ್ತಾರೆ. ಮೆನಿಸ್ಕಸ್ ಅಂದರೆ ಎರಡು ಎಲುಬಿನ ನಡುವಿನ ಅರ್ಧಚಂದ್ರದ ಗಾದಿ. ಅದರಲ್ಲಿ ಗ್ರೇಡ್ 1, 2 ಅಂದರೆ ಒಳಗೆ ಬಣ್ಣ ಬದಲಾಗಿದೆ ಅಷ್ಟೇ. ಮೇಲ್ಮೈವರೆಗೆ ಬಂದರೆ ಮಾತ್ರ ಗ್ರೇಡ್ 3, ಅದು ಹರಿದದ್ದು. ಕಾರ್ಟಿಲೇಜಿನ ಗ್ರೇಡ್ ಲೆಕ್ಕವೇ ಬೇರೆ. ಅಲ್ಲಿ 4 ಅಂದರೆ ಎಲುಬು ಕಾಣುತ್ತಿದೆ ಅಂತ. ಎರಡನ್ನೂ ಒಂದೇ ಅಂದುಕೊಳ್ಳಬೇಡಿ.

ಮೂಡಿಗೆರೆಯವರೇ, ಆಪರೇಷನ್ ಯಾವುದೇ ಆಗಲಿ, ಅದಕ್ಕೆ ಮೊದಲು ತೊಡೆ ಸ್ನಾಯು ಗಟ್ಟಿ ಮಾಡಿಕೊಳ್ಳಿ. ಮಂಡಿ ಕೆಳಗೆ ಟವೆಲ್ ಸುರುಳಿ ಇಟ್ಟು ಒತ್ತಿ ಹಿಡಿಯುವುದು, ಕಾಲು ನೇರ ಇಟ್ಟು ಎತ್ತುವುದು. ದಿನಕ್ಕೆ ಮೂರು ಸಲ. ಆಪರೇಷನ್ ಆದ ಕೆಲವೇ ದಿನದಲ್ಲಿ ಆ ಸ್ನಾಯು ಕರಗಲು ಶುರುವಾಗುತ್ತದೆ. ಕೂಡಿಟ್ಟದ್ದಿದ್ದರೆ ಕಳೆದುಕೊಂಡರೂ ಸ್ವಲ್ಪ ಉಳಿಯುತ್ತದೆ.

ತೋಟದಮನೆ, ಮೂಡಿಗೆರೆ · ಆಗಸ್ಟ್ 11

ನಿಂತು ತೆಗೆಸುವ ಎಕ್ಸ್‌ರೇ ಆಯಿತು. ಕಾಲು ನೇರ ಇದೆ. ಬದು ಸರಿ ಇದೆ ಸಾರ್.

ಮಂಗಳೂರಿಗೆ ಮತ್ತೆ ಹೋಗಿದ್ದೆ. ಈ ಸಲ ಬರೆದುಕೊಂಡು ಹೋಗಿ ಕೇಳಿದೆ. ಒಳಗೆ ನೋಡಿದ ಮೇಲೆ ಗಾಯ ದೊಡ್ಡದಿದ್ದರೆ ಏನು ಮಾಡುತ್ತೀರಿ ಅಂದೆ. ಅವರಿಗೆ ಈ ಪ್ರಶ್ನೆ ಖುಷಿಯಾಯಿತು. ಎಂಆರ್‌ಐಯಲ್ಲಿ ಕಂಡದ್ದಕ್ಕಿಂತ ಒಳಗೆ ಗಾಯ ದೊಡ್ಡದಿರುವುದು ಮಾಮೂಲಿ ಅಂದರು. ಅಂಚಿನ ಸಡಿಲ ಕಾರ್ಟಿಲೇಜ್ ಕೆರೆದು ತೆಗೆದ ಮೇಲೆಯೇ ನಿಜವಾದ ಅಳತೆಯಂತೆ. ಅದಕ್ಕೆ ಎರಡಕ್ಕೂ ಒಪ್ಪಿಗೆ ಬರೆಸಿಕೊಂಡಿದ್ದಾರೆ. ಗಾಯ ಚಿಕ್ಕದಿದ್ದರೆ ತೂತು, ದೊಡ್ಡದಿದ್ದರೆ ಕಸಿ. 22ಕ್ಕೆ ದಿನ ಕೊಟ್ಟಿದ್ದಾರೆ.

ಕೊಯ್ಲಿನ ಚಿಂತೆ ಇದೆ. ಮುಂದೂಡಿ ಏಪ್ರಿಲ್‌ನಲ್ಲಿ ಮಾಡಿಸಲಾ ಅಂತಲೂ ಯೋಚಿಸಿದೆ. ಹೆಂಡತಿ ಬಿಡಲಿಲ್ಲ. ಆ ಕಾಲಿನಲ್ಲಿ ಮೂರು ತಿಂಗಳು ಇಳಿಜಾರಲ್ಲಿ ಮೂಟೆ ಹೊತ್ತರೆ ಏಪ್ರಿಲ್‌ಗೆ ಎಷ್ಟು ದೊಡ್ಡದಾಗಿರುತ್ತದೆ ಅಂದಳು. ಅವಳ ಮಾತು ಸರಿ.

ಬೇಲೂರು ಪಿಟಿ ಮೇಷ್ಟ್ರು · ಆಗಸ್ಟ್ 11

ಎಷ್ಟು ವಾರ ಕಾಲು ಊರಬಾರದು, ಯಾಕೆ ಊರಬಾರದು, ಎರಡನ್ನೂ ಕೇಳಿಕೊಂಡು ಬನ್ನಿ. ಯಾಕೆ ಅನ್ನುವುದನ್ನು ಬಿಡಬೇಡಿ.

ಫಿಸಿಯೋ, ಹಾಸನ · ಆಗಸ್ಟ್ 12

ಮೇಷ್ಟ್ರೇ, ನಿಮಗೆ ಅವತ್ತು ಹೇಳಬೇಕಿದ್ದದ್ದನ್ನು ಈಗ ಹೇಳುತ್ತೇನೆ.

ತೂತು ಹಾಕಿದ ಜಾಗದಲ್ಲಿ ಕೂತಿರುವುದು ಬರೀ ಹೆಪ್ಪು, ಮೊಸರಿನಷ್ಟೇ ಮೆತ್ತಗೆ. ಅದು ಗಟ್ಟಿಯಾಗಲು ವಾರಗಟ್ಟಲೆ ಬೇಕು. ಅಷ್ಟರಲ್ಲಿ ಮೈಭಾರ ಬಿದ್ದರೆ ಅರೆದು ಹೋಗಬಹುದು. ಆದರೆ ಅಲುಗಾಡಿಸದೆ ಇಟ್ಟರೂ ಆಗದು. ಕಾರ್ಟಿಲೇಜಿಗೆ ರಕ್ತ ಇಲ್ಲವಲ್ಲ, ಕೀಲಿನ ನೀರೇ ಅದರ ಊಟ. ಮಂಡಿ ಮಡಚಿ ಬಿಡಿಸಿದರೆ ಆ ನೀರು ಒಳಗೆ ಹೋಗುತ್ತದೆ. ಅದಕ್ಕೇ ಭಾರ ಬೇಡ, ಚಲನೆ ಬೇಕು. ಮಂಚದ ಮೇಲೆ ಕೂತು ಹಿಮ್ಮಡಿ ಜಾರಿಸುತ್ತಾ ಇರಬೇಕು, ದಿನಕ್ಕೆ ನೂರಾರು ಸಲ. ಕೆಲವು ಕಡೆ ಇದಕ್ಕೆ ಮೆಷಿನ್ ಕೊಡುತ್ತಾರೆ, ದಿನಕ್ಕೆ ಆರೆಂಟು ಗಂಟೆ ಅದರಲ್ಲೇ ಕಾಲು.

ಗಾಯ ಎಲ್ಲಿದೆ ಅನ್ನುವುದರ ಮೇಲೂ ನಿಯಮ ಬದಲಾಗುತ್ತದೆ. ಚಿಪ್ಪಿನ ಹಿಂದೆ ಆಗಿದ್ದರೆ ಪಟ್ಟಿ ಕಟ್ಟಿ ಕಾಲು ನೇರ ಇಟ್ಟು ನಡೆಯಬಹುದು. ನೇರ ಇದ್ದಾಗ ಅಲ್ಲಿ ಒತ್ತಡ ಬೀಳುವುದಿಲ್ಲ. ಮೂಡಿಗೆರೆಯವರದ್ದು ಭಾರ ಹೊರುವ ಜಾಗ, ಅಲ್ಲಿ ಊರುವ ಹಾಗೇ ಇಲ್ಲ. ಪಕ್ಕದ ಮನೆಯವರು ಎರಡನೇ ವಾರಕ್ಕೆ ನಡೆದರು ಅಂತ ನೀವು ನಡೆಯಬಾರದು.

ಮನೆಯನ್ನೂ ಈಗಲೇ ತಯಾರು ಮಾಡಿ. ಕಕ್ಕಸಿಗೆ ಕುರ್ಚಿ ಕಮೋಡ್ ತನ್ನಿ. ಬಚ್ಚಲಲ್ಲಿ ಸ್ಟೂಲ್, ಹಿಡಿಯಲು ಗೋಡೆಗೆ ಕಂಬಿ. ಮಳೆಗಾಲದ ಜಗುಲಿ ಪಾಚಿ ಕಟ್ಟಿದ್ದರೆ ಉಜ್ಜಿಸಿ. ಊರುಗೋಲಿನ ರಬ್ಬರ್ ಬುಡ ಹೊಸದಿರಲಿ.

ತೋಟದಮನೆ, ಮೂಡಿಗೆರೆ · ಆಗಸ್ಟ್ 25

ಆಯಿತು. ಒಳಗೆ ನೋಡಿದಾಗ ಗಾಯ 2.2 ಚದರ ಸೆಂ.ಮೀ. ಇತ್ತಂತೆ. ಕಸಿಯನ್ನೇ ಮಾಡಿದರು. 8 ಮಿ.ಮೀ. ಅಗಲದ ಮೂರು ತುಂಡು. ಫೋಟೋ ತೋರಿಸಿದರು. ಕೆಂಪು ಹಳ್ಳದಲ್ಲಿ ಮೂರು ಬಿಳಿ ಬಿಲ್ಲೆ ಪಕ್ಕಪಕ್ಕ ಕೂತಿವೆ, ನಡುವೆ ಸಣ್ಣ ಸಂದು. ಆ ಸಂದು ನಾರಿನ ಪದರದಿಂದ ತುಂಬುತ್ತದೆ ಅಂದರು. ಬಿಲ್ಲೆಯ ಕೆಳಗಿನ ಎಲುಬು ಅಕ್ಕಪಕ್ಕದ ಎಲುಬಿಗೆ ಬೆಸೆಯಲು ಆರು ವಾರ ಬೇಕು, ಅಷ್ಟು ದಿನ ಊರಬೇಡಿ ಅಂದರು. ಮೇಷ್ಟ್ರೇ, ಯಾಕೆ ಅಂತ ಕೇಳಿಯೇ ಬಂದೆ.

ಚಾರ್ಮಾಡಿ ಘಾಟಿ ಹತ್ತಿ ಬರುವುದೇ ಕಷ್ಟವಾಯಿತು. ಕಾರಿನ ಹಿಂದಿನ ಸೀಟಲ್ಲಿ ಕಾಲು ಚಾಚಿ ಕೂತಿದ್ದೆ. ಪ್ರತಿ ತಿರುವಿಗೂ ಜೀವ ಹೋಗಿ ಬಂದ ಹಾಗೆ.

ಫಿಸಿಯೋ, ಹಾಸನ · ಆಗಸ್ಟ್ 25

ಮೀನಖಂಡ ಊದಿ ನೋವು ಬಂದರೆ, ಜ್ವರ ಬಂದರೆ, ಗಾಯದಿಂದ ಸೋರಿದರೆ, ಉಸಿರು ಕಟ್ಟಿದ ಹಾಗಾದರೆ, ಇಲ್ಲಿ ಬರೆಯುತ್ತಾ ಕೂರಬೇಡಿ. ತಕ್ಷಣ ಆಸ್ಪತ್ರೆಗೆ ಫೋನ್ ಮಾಡಿ ಹೊರಡಿ. ಪಾದವನ್ನು ಗಂಟೆಗೊಮ್ಮೆ ಮೇಲೆ ಕೆಳಗೆ ಆಡಿಸುತ್ತಿರಿ.

ತೋಟದಮನೆ, ಮೂಡಿಗೆರೆ · ಸೆಪ್ಟೆಂಬರ್ 19

ನಾಲ್ಕು ವಾರ. ಮಂಡಿ 100 ಡಿಗ್ರಿ ಮಡಚುತ್ತದೆ. ನೋವು ಇಲ್ಲವೇ ಇಲ್ಲ ಅನ್ನಬಹುದು. ಈಗ ತುಂಬಾ ಕಷ್ಟ ಆಗುತ್ತಿದೆ. ನೋವಿದ್ದಾಗ ಕೂರುವುದು ಸುಲಭವಿತ್ತು. ನಿನ್ನೆ ಮಳೆಗೆ ಒಂದು ಸಿಲ್ವರ್ ಮರ ಬಿತ್ತು, ಎಲ್ಲರೂ ಓಡಿದರು, ನಾನು ಜಗುಲಿಯಲ್ಲಿ ನಿಂತಿದ್ದೆ. ಕಾಲು ತಾನಾಗಿಯೇ ಮುಂದೆ ಹೋಯಿತು. ಮೇಷ್ಟ್ರ ನಾಲ್ಕನೇ ವಾರ ನೆನಪಾಗಿ ಹಿಂದಕ್ಕೆ ತೆಗೆದೆ.

ಬಲ ತೊಡೆ ಎಡಕ್ಕಿಂತ ಮೂರು ಬೆರಳು ಸಣ್ಣಗಾಗಿದೆ.

ಬೇಲೂರು ಪಿಟಿ ಮೇಷ್ಟ್ರು · ಸೆಪ್ಟೆಂಬರ್ 19

ಇದನ್ನು ಓದಿ ನನಗೆ ಎಷ್ಟು ಸಮಾಧಾನ ಆಯಿತು ಅಂತ ಹೇಳಲಾರೆ. ಇನ್ನು ಎರಡೇ ವಾರ ಕಣ್ರೀ. ಕೂತುಕೊಳ್ಳಿ.

ಎಸ್ಟೇಟ್ ರೈಟರ್, ಸಕಲೇಶಪುರ · ಅಕ್ಟೋಬರ್ 8

ಇಷ್ಟು ದಿನ ಓದುತ್ತಾ ಇದ್ದೆ. ಈಗ ನನ್ನದೊಂದು ಪ್ರಶ್ನೆ.

ನಮ್ಮ ತೋಟದಲ್ಲಿ ಕೆಲಸ ಮಾಡುವ ಒಬ್ಬ ಹೆಂಗಸು, 29 ವರ್ಷ, ಹತ್ತು ದಿನದ ಹಿಂದೆ ಇಳಿಜಾರಿನಲ್ಲಿ ಕುಕ್ಕರುಗಾಲಲ್ಲಿ ಕಳೆ ಕೀಳುತ್ತಿದ್ದವಳು ಏಳುವಾಗ ಜಾರಿ ಮಂಡಿ ತಿರುಚಿತು. ನಾಟಿ ವೈದ್ಯರ ಹತ್ತಿರ ಕಟ್ಟು ಹಾಕಿಸಿಕೊಂಡು ಬಂದಳು. ಇವತ್ತು ಕಟ್ಟು ಬಿಚ್ಚಿದರೆ ಕಾಲು ನೇರವೇ ಆಗುತ್ತಿಲ್ಲ. ಬಾಗಿಲಿಗೆ ಕಲ್ಲು ಸಿಕ್ಕಿದ ಹಾಗೆ ಒಂದು ಕಡೆ ನಿಂತುಬಿಡುತ್ತದೆ. ಇನ್ನೊಂದು ಕಟ್ಟು ಹಾಕಿದರೆ ಸರಿಹೋಗುತ್ತದೆ ಅನ್ನುತ್ತಿದ್ದಾರೆ. ಏನು ಮಾಡಲಿ?

ಎಲುಬು ಡಾಕ್ಟರ್, ಚಿಕ್ಕಮಗಳೂರು · ಅಕ್ಟೋಬರ್ 8

ಇನ್ನೊಂದು ಕಟ್ಟು ಬೇಡವೇ ಬೇಡ. ನೀವು ಹೇಳಿದ್ದು ಲಾಕ್ ಆದ ಮಂಡಿಯ ಲಕ್ಷಣ. ಮೆನಿಸ್ಕಸ್ ಉದ್ದಕ್ಕೆ ಹರಿದು, ಬಕೆಟ್ಟಿನ ಹಿಡಿಯ ಥರ ಮಗುಚಿ, ಎಲುಬಿನ ನಡುವೆ ಸಿಕ್ಕಿಕೊಂಡಿರುವ ಸಾಧ್ಯತೆ ಜಾಸ್ತಿ. ಎಳೆದು ನೇರ ಮಾಡಲು ಯಾರಿಗೂ ಬಿಡಬೇಡಿ. ಈ ವಾರವೇ ತೋರಿಸಿ.

ಮೆನಿಸ್ಕಸ್‌ನ ಹೊರ ಅಂಚಿಗೆ ರಕ್ತ ಬರುತ್ತದೆ, ಒಳ ಅಂಚಿಗೆ ಬರುವುದಿಲ್ಲ. ಹೊರಗಡೆ ಹರಿದಿದ್ದರೆ ಹೊಲಿಯಬಹುದು, ಕೂಡಿಕೊಳ್ಳುತ್ತದೆ. ತಡ ಮಾಡಿದಷ್ಟೂ ಅದು ಜಜ್ಜಿ ಹೋಗಿ ಹೊಲಿಯಲು ಬಾರದಂತಾಗುತ್ತದೆ. ಹಿಂದೆ ಹರಿದದ್ದನ್ನು ಪೂರ್ತಿ ತೆಗೆದು ಬಿಸಾಡುತ್ತಿದ್ದರು. ಫೇರ್‌ಬ್ಯಾಂಕ್ ಅನ್ನುವ ಇಂಗ್ಲೆಂಡಿನ ಸರ್ಜನ್ 1948ರಲ್ಲಿ ಹಾಗೆ ತೆಗೆಸಿಕೊಂಡವರ ಎಕ್ಸ್‌ರೇ ನೋಡಿ, ಆ ಮಂಡಿಗಳಲ್ಲಿ ಎಲುಬಿನ ಆಕಾರವೇ ಬದಲಾಗುತ್ತಿದೆ, ಸಂದು ಕಿರಿದಾಗುತ್ತಿದೆ ಅಂತ ತೋರಿಸಿದರು. ಗಾದಿ ಹೋದರೆ ಅದರ ಭಾರವನ್ನೂ ಕಾರ್ಟಿಲೇಜೇ ಹೊರಬೇಕು. 29 ವರ್ಷದವಳಿಗೆ ಅದನ್ನು ಉಳಿಸಲು ಆದಷ್ಟೂ ನೋಡಬೇಕು.

ಹಣದ ಬಗ್ಗೆ: ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಮೊದಲು ಸರ್ಕಾರಿ ಆಸ್ಪತ್ರೆಗೇ ಹೋಗಿ. ಅಲ್ಲಿ ಆಗದಿದ್ದರೆ ರೆಫರಲ್ ಚೀಟಿ ಬರೆಸಿಕೊಳ್ಳಿ. ಚೀಟಿ ಇಲ್ಲದೆ ನೇರ ಖಾಸಗಿಗೆ ಹೋದರೆ ಇಂಥದ್ದಕ್ಕೆ ಯೋಜನೆ ಸಿಗದೆ ಒದ್ದಾಡುತ್ತೀರಿ.

ಎಸ್ಟೇಟ್ ರೈಟರ್, ಸಕಲೇಶಪುರ · ಅಕ್ಟೋಬರ್ 15

ಹಾಸನದ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಡಾಕ್ಟರ್ ಹೇಳಿದ್ದೇ ಆಗಿದೆ, ಬಕೆಟ್ ಹಿಡಿ. ಹೊರ ಅಂಚಿನಲ್ಲೇ ಹರಿದಿದೆ, ಹೊಲಿಯಬಹುದು ಅಂದರು. ಸೋಮವಾರ ಆಪರೇಷನ್. ಕಾರ್ಡ್ ಅವಳ ಗಂಡನ ಊರಿನಲ್ಲಿತ್ತು, ತರಿಸಲು ಎರಡು ದಿನ ಹೋಯಿತು.

ಹೊಲಿದರೆ ಒಂದು ತಿಂಗಳಿಗೂ ಹೆಚ್ಚು ಊರುಗೋಲು, ನಾಲ್ಕು ತಿಂಗಳು ಕುಕ್ಕರುಗಾಲಲ್ಲಿ ಕೂರಬಾರದು. ಹರಿದ ಚೂರನ್ನು ಕತ್ತರಿಸಿದರೆ ಬೇಗ ನಡೆಯಬಹುದು ಅಂತಲೂ ಹೇಳಿದರು. ಅವಳು ಮೊದಲು ಕೇಳಿದ್ದು ಕತ್ತರಿಸಿಬಿಡಿ ಅಂತಲೇ. ಕೂಲಿ ಹೋಗುತ್ತದಲ್ಲ. ನಾನು ಈ ಪುಟವನ್ನೇ ಅವಳಿಗೆ ಓದಿ ಹೇಳಿದೆ, ಅರಸೀಕೆರೆ ಅಜ್ಜಿಯದ್ದು, ಮೇಷ್ಟ್ರದ್ದು, ಎಲ್ಲ. ರಾತ್ರಿ ಯೋಚಿಸಿ ಬೆಳಿಗ್ಗೆ ಹೊಲಿಯಲಿ ಅಂದಳು. ಧಣಿಗಳ ಹತ್ತಿರ ಮಾತಾಡಿದ್ದೇನೆ. ಈ ಕೊಯ್ಲಿಗೆ ಅವಳಿಗೆ ಕಣದಲ್ಲಿ ಕುರ್ಚಿ ಹಾಕಿ ಹಣ್ಣು ಆರಿಸುವ ಕೆಲಸ. ಕೂಲಿ ಮೊದಲಿನಷ್ಟೇ.

ತೋಟದಮನೆ, ಮೂಡಿಗೆರೆ · ಅಕ್ಟೋಬರ್ 15

ನನಗೆ ಆರು ವಾರ ಮುಗಿದು, ಅರ್ಧ ಭಾರ, ಮುಕ್ಕಾಲು ಭಾರ ಆಗಿ, ಈಗ ಎಡಗೈಯಲ್ಲಿ ಒಂದು ಕೋಲು ಮಾತ್ರ. ಎಕ್ಸ್‌ರೇಯಲ್ಲಿ ಬಿಲ್ಲೆಗಳು ಬೆಸೆದಿವೆ ಅಂದರು. ಮೆಟ್ಟಿಲು ಹತ್ತುತ್ತೇನೆ. ಇಳಿಯುವುದು ಇನ್ನೂ ಕಷ್ಟ. ಇಳಿಜಾರಿಗೆ ಈ ಸಲ ಇಳಿಯುವ ಹಾಗಿಲ್ಲ, ಕೊಯ್ಲನ್ನು ಭಾವ ನೋಡಿಕೊಳ್ಳುತ್ತಾನೆ.

ರೈಟರ್ ಸಾರ್, ನನ್ನ ಎರಡು ಊರುಗೋಲು ಮೂಲೆಯಲ್ಲಿ ನಿಂತಿವೆ. ಹೊಸ ರಬ್ಬರ್ ಬುಡ ಇದೆ. ಅವರಿಗೆ ಆಗುತ್ತದಾ? ನನ್ನ ಎತ್ತರ ಐದು ಅಡಿ ಎಂಟು.

ಎಸ್ಟೇಟ್ ರೈಟರ್, ಸಕಲೇಶಪುರ · ಅಕ್ಟೋಬರ್ 15

ಅವಳು ಐದು ಅಡಿಯೂ ಇಲ್ಲ ಸಾರ್.

ಫಿಸಿಯೋ, ಹಾಸನ · ಅಕ್ಟೋಬರ್ 15

ಬುಡದ ತೂತುಗಳಲ್ಲಿ ಬೋಲ್ಟ್ ತೆಗೆದು ಮೇಲೆ ಹಾಕಿದರೆ ಗಿಡ್ಡ ಆಗುತ್ತದೆ. ನಿಂತಾಗ ಕಂಕುಳಿಗೂ ಊರುಗೋಲಿನ ತುದಿಗೂ ನಡುವೆ ಎರಡು ಮೂರು ಬೆರಳು ಸಂದು ಇರಲಿ. ಹಿಡಿಯನ್ನು ಮಣಿಕಟ್ಟಿನ ಎತ್ತರಕ್ಕೆ ಇಳಿಸಿ, ಮೊಣಕೈ ಸ್ವಲ್ಪ ಮಡಚಿರಬೇಕು. ಭಾರ ಅಂಗೈಗೆ ಬೀಳಲಿ, ಕಂಕುಳಿಗೆ ಬೇಡ, ಅಲ್ಲಿ ನರ ಇದೆ. ಭಾನುವಾರ ಅವಳು ಅಡ್ಮಿಟ್ ಆಗುತ್ತಾಳಲ್ವಾ? ನಾನು ಊರಲ್ಲೇ ಇರುತ್ತೇನೆ. ಆಪರೇಷನ್‌ಗೆ ಮೊದಲೇ ವಾರ್ಡಿಗೆ ಬಂದು ನಡೆಯುವುದು ಹೇಳಿಕೊಡುತ್ತೇನೆ. ಆದ ಮೇಲೆ ನೋವಿನಲ್ಲಿ ಕಲಿಯುವುದು ಕಷ್ಟ.

ತೋಟದಮನೆ, ಮೂಡಿಗೆರೆ · ಅಕ್ಟೋಬರ್ 16

ಬೆಳಿಗ್ಗೆಯ ಸಕಲೇಶಪುರದ ಬಸ್ಸಿಗೆ ಹಾಕಿಸಿದ್ದೇನೆ. ಗೋಣಿಯಲ್ಲಿ ಸುತ್ತಿ ಕಟ್ಟಿದೆ, ಮೇಲೆ ನಿಮ್ಮ ತೋಟದ ಹೆಸರು ಬರೆದಿದೆ. ಬೋಲ್ಟ್ ಬಿಚ್ಚುವ ಸಣ್ಣ ಸ್ಪ್ಯಾನರ್ ಒಳಗೇ ಇದೆ.